ಕೀಲೆಣ್ಣೆಯ ಕಾರ್ಖಾನೆಯಲ್ಲಿ ಒಂದು ಸಂಜೆ

"ಅಣ್ಣಾ, ಒಂದು ಲೀಟರ್ ಆಯಿಲ್ ಕೊಡಣ್ಣ."

"ಯಾವ್ದು ಬೇಕು?"

"ಯಾವ್ದಾದ್ರೂ ಕೊಡು. ಗಾಡಿ ಓಡಿದ್ರೆ ಸಾಕು."

ಬೈರಕೂರಿನಂಥ ಹೋಬಳಿ ಕೇಂದ್ರದಲ್ಲಿ ಬಿಡಿಭಾಗಗಳ ಅಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಂತರೆ ಇಂಥ ಮಾತು ಕಿವಿಗೆ ಬೀಳದೆ ಇರದು. ಮಗನ ಬೂಟು ಕೊಳ್ಳುವಾಗ ನಾಲ್ಕು ಅಂಗಡಿ ಸುತ್ತುವ ತಂದೆ, ಲಕ್ಷಗಟ್ಟಲೆ ಸಾಲ ಮಾಡಿ ತಂದ ಟ್ರ್ಯಾಕ್ಟರಿಗೆ ಎಣ್ಣೆ ಕೊಳ್ಳುವಾಗ ಮಾತ್ರ ಡಬ್ಬದ ಬಣ್ಣ ನೋಡಿ ಕೈಚಾಚುತ್ತಾರೆ. ಒಂದು ಲೀಟರ್ ಎಂಜಿನ್ ಎಣ್ಣೆಯ ಬೆಲೆ ಕೆಲವು ನೂರು ರೂಪಾಯಿ. ಎಣ್ಣೆ ಕೈಕೊಟ್ಟು ಎಂಜಿನ್ ಹಿಡಿದುಕೊಂಡರೆ, ಅದನ್ನು ಇಳಿಸಿ, ಬೋರ್ ಮಾಡಿಸಿ, ಮತ್ತೆ ಕೂರಿಸಲು ಬೀಳುವ ಖರ್ಚು ಹತ್ತಾರು ಸಾವಿರ. ಟೊಮ್ಯಾಟೊ ಕೊಯ್ಲಿನ ಸಮಯದಲ್ಲಿ ಟೆಂಪೋ ನಿಂತುಹೋದರೆ ಆಗುವ ನಷ್ಟವಂತೂ ಬೇರೆಯೇ.

ಇಂಗ್ಲೆಂಡಿನ ಹಳೆಯ ಕಾರುಗಳ ಕ್ಲಬ್ಬುಗಳಲ್ಲಿ ಒಂದು ಒಳ್ಳೆಯ ರೂಢಿಯಿದೆ. ವಾರದ ಯಾವುದೋ ಒಂದು ಸಂಜೆ, ತಮ್ಮ ತಮ್ಮ ಕೆಲಸ ಮುಗಿಸಿಕೊಂಡು ಸದಸ್ಯರೆಲ್ಲ ಸೇರಿ ಎಂಜಿನ್ ಎಣ್ಣೆ ತಯಾರಿಸುವ ಕಾರ್ಖಾನೆಗೆ ಹೋಗುತ್ತಾರೆ. ಅಲ್ಲಿನ ರಸಾಯನಶಾಸ್ತ್ರಜ್ಞರು ಅವರನ್ನು ತೊಟ್ಟಿಗಳ ನಡುವೆ ಕರೆದೊಯ್ದು ತೋರಿಸುತ್ತಾರೆ, ಚಹಾ ಕೊಡುತ್ತಾರೆ, ಪ್ರಶ್ನೆಗಳಿಗೆ ಉತ್ತರಿಸುತ್ತಾರೆ. ಶ್ರೂಸ್‌ಬರಿ ಪಟ್ಟಣದಲ್ಲಿ 1869ರಲ್ಲಿ ಜೇಮ್ಸ್ ಕೆಂಟ್ ಮಾರಿಸ್ ಎಂಬ ವ್ಯಾಪಾರಿ ಆರಂಭಿಸಿದ ಮಾರಿಸ್ ಲೂಬ್ರಿಕೆಂಟ್ಸ್‌ನಂಥ ಹಳೆಯ ಸಂಸ್ಥೆಗಳು ಆ ದೇಶದಲ್ಲಿ ಇಂದಿಗೂ ಇವೆ. ನಮ್ಮ ಬೆಂಗಳೂರಿನಲ್ಲೂ ಕರ್ನಾಟಕ ವಿಂಟೇಜ್ ಅಂಡ್ ಕ್ಲಾಸಿಕ್ ಕಾರ್ ಕ್ಲಬ್ ಇದೆ. ಮೈಸೂರಿನಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ಡಿ ಬೈಕುಗಳನ್ನು ಮಕ್ಕಳಂತೆ ಸಾಕುವ ಅಭಿಮಾನಿಗಳ ಕೂಟಗಳಿವೆ.

ಬೈರಕೂರಿನ ಕಡೆ ಕಾರ್ ಕ್ಲಬ್ಬಿನ ಮಾತು ದೂರ. ಆದರೆ ಎಂಜಿನ್‌ಗಳಿಗೇನೂ ಬರವಿಲ್ಲ. ಟ್ರ್ಯಾಕ್ಟರು, ಟಿಲ್ಲರು, ಹಾಲಿನ ವ್ಯಾನು, ಬೋರ್‌ವೆಲ್ ಲಾರಿ, ಮನೆಗೊಂದು ಬೈಕು. ಹೀಗಿರುವಾಗ ಆ ಕ್ಲಬ್ಬಿನವರು ಒಂದು ಸಂಜೆಯಲ್ಲಿ ಕಲಿಯುವ ಪಾಠ ನಮ್ಮ ಮಕ್ಕಳಿಗೂ ಅವರ ತಂದೆತಾಯಿಯರಿಗೂ ಏಕೆ ಬೇಡ? ಅಂಥ ಕಾರ್ಖಾನೆಯೊಳಗೆ ಏನು ನಡೆಯುತ್ತದೆ, ಅದರಿಂದ ನಮಗೇನು ಪ್ರಯೋಜನ ಎಂಬುದನ್ನು ನೋಡೋಣ.

ಹರಳೆಣ್ಣೆಯಿಂದ ಆರಂಭ

ಕೀಲೆಣ್ಣೆ ನಮಗೆ ಹೊಸದಲ್ಲ. ಎತ್ತಿನ ಗಾಡಿಯ ಕಾಲದಲ್ಲಿ ಹರಳೆಣ್ಣೆಗೆ ಸುಟ್ಟ ಹುಲ್ಲಿನ ಮಸಿ ಬೆರೆಸಿ, ಬಿದಿರಿನ ಗೊಟ್ಟದಲ್ಲಿ ತುಂಬಿ ಗಾಡಿಗೆ ಕಟ್ಟಿಕೊಳ್ಳುತ್ತಿದ್ದರು. ಕಡಾಣಿ ತೆಗೆದು, ಗಾಲಿ ಸರಿಸಿ, ಅಚ್ಚಿಗೆ ಅದನ್ನು ಹಚ್ಚಿದರೆ ಗಾಡಿಯ ಕಿರುಗುಟ್ಟುವಿಕೆ ನಿಲ್ಲುತ್ತಿತ್ತು, ಎತ್ತುಗಳ ಭಾರವೂ ಇಳಿಯುತ್ತಿತ್ತು. ಎಣ್ಣೆಯ ಗುಣವನ್ನು ನಮ್ಮ ಹಿರಿಯರು ಪುಸ್ತಕವಿಲ್ಲದೆಯೇ ಅರಿತಿದ್ದರು.

ಇದೇ ಹರಳೆಣ್ಣೆ ಮೋಟಾರು ಯುಗಕ್ಕೂ ಕಾಲಿಟ್ಟಿತು. ಇಂಗ್ಲೆಂಡಿನ ಚಾರ್ಲ್ಸ್ ವೇಕ್‌ಫೀಲ್ಡ್ 1899ರಲ್ಲಿ ರೈಲು ಮತ್ತು ಭಾರಿ ಯಂತ್ರಗಳಿಗೆ ಬೇಕಾದ ಎಣ್ಣೆಗಳ ವ್ಯಾಪಾರ ಆರಂಭಿಸಿದ. ಕಾರು, ವಿಮಾನಗಳ ಎಂಜಿನ್‌ಗೆ ಹೊಂದುವ ಎಣ್ಣೆ ಬೇಕಾದಾಗ ಹರಳೆಣ್ಣೆಯನ್ನು ಸೇರಿಸಿ ಹೊಸ ಮಿಶ್ರಣ ತಯಾರಿಸಲಾಯಿತು. ಇಂಗ್ಲಿಷಿನಲ್ಲಿ ಹರಳಿಗೆ 'ಕ್ಯಾಸ್ಟರ್' ಎನ್ನುತ್ತಾರಷ್ಟೆ. ಅದರಿಂದಲೇ 1909ರಲ್ಲಿ 'ಕ್ಯಾಸ್ಟ್ರಾಲ್' ಎಂಬ ಹೆಸರು ಹುಟ್ಟಿತು. ಮೊದಲ ಮಹಾಯುದ್ಧದ ಕಾಲದ ಸುತ್ತುವ ವಿಮಾನ ಎಂಜಿನ್‌ಗಳು ಹರಳೆಣ್ಣೆಯನ್ನೇ ನೆಚ್ಚಿಕೊಂಡಿದ್ದವು. ಕಾರಣ, ಅದು ಪೆಟ್ರೋಲಿನಲ್ಲಿ ಸುಲಭವಾಗಿ ಕರಗುವುದಿಲ್ಲ. ನಮ್ಮ ಹೊಲದ ಬದುವಿನಲ್ಲಿ ಬೆಳೆಯುವ ಗಿಡವೊಂದು ಆಕಾಶದಲ್ಲಿ ಯಂತ್ರಗಳನ್ನು ಕಾಪಾಡಿತೆಂದರೆ ಮಕ್ಕಳಿಗೆ ಅಚ್ಚರಿಯಾಗಬಹುದು. ಆದರೆ ಹರಳೆಣ್ಣೆ ಬಿಸಿಯಲ್ಲಿ ಬೇಗ ಅಂಟಾಗುತ್ತದೆ. ಆದ್ದರಿಂದ ಕ್ರಮೇಣ ಖನಿಜ ತೈಲವೇ ಅದರ ಸ್ಥಾನಕ್ಕೆ ಬಂದಿತು.

ಬೆಣೆಯನ್ನು ಹೊರದೂಡಿದ ಎಣ್ಣೆ

ಎಣ್ಣೆ ಜಾರುತ್ತದೆ, ಆದ್ದರಿಂದ ಘರ್ಷಣೆ ಕಡಿಮೆಯಾಗುತ್ತದೆ ಎಂದು ನಾವೆಲ್ಲ ಹೇಳುತ್ತೇವೆ. ಇದು ಅರ್ಧ ಸತ್ಯ. ಉಳಿದ ಅರ್ಧವನ್ನು 1883ರಲ್ಲಿ ಬೋಶಾಂ ಟವರ್ ಎಂಬ ಇಂಗ್ಲಿಷ್ ಎಂಜಿನಿಯರ್ ಕಂಡುಕೊಂಡ. ರೈಲಿನ ಅಚ್ಚಿನ ಬೇರಿಂಗನ್ನು ಆತ ಪರೀಕ್ಷಿಸುತ್ತಿದ್ದ. ಅಚ್ಚಿನ ಕೆಳಭಾಗ ಎಣ್ಣೆಯಲ್ಲಿ ಮುಳುಗಿತ್ತು. ಬೇರಿಂಗಿನ ಮೇಲ್ಭಾಗದಲ್ಲಿ ಎಣ್ಣೆ ಹಾಕಲೆಂದು ಕೊರೆದ ರಂಧ್ರದಿಂದ ಎಣ್ಣೆ ಹೊರಗೆ ಉಕ್ಕತೊಡಗಿತು. ಟವರ್ ಅದಕ್ಕೆ ಕಾರ್ಕು ಬಡಿದ. ಎಣ್ಣೆ ಕಾರ್ಕನ್ನು ಹೊರಗೆ ತಳ್ಳಿತು. ಮರದ ಬೆಣೆ ಬಡಿದ. ಅದೂ ಹೊರಬಂತು!

ಆ ರಂಧ್ರಕ್ಕೆ ಒತ್ತಡಮಾಪಕ ಜೋಡಿಸಿದಾಗ ಚದರ ಅಂಗುಲಕ್ಕೆ 200 ಪೌಂಡಿಗೂ ಮೀರಿದ ಒತ್ತಡ ಕಾಣಿಸಿತು. ಬೇರಿಂಗಿನ ಮೇಲೆ ಹೇರಿದ್ದ ಸರಾಸರಿ ಭಾರವಾದರೋ ಚದರ ಅಂಗುಲಕ್ಕೆ 100 ಪೌಂಡ್ ಮಾತ್ರ. ನಮ್ಮ ಬೈಕಿನ ಟೈರಿಗೆ ಹಾಕಿಸುವ ಗಾಳಿ ಸುಮಾರು 30 ಪೌಂಡ್ ಎಂಬುದನ್ನು ನೆನೆದರೆ ಇದರ ಬಲ ಅರ್ಥವಾದೀತು. ತಿರುಗುವ ಅಚ್ಚು ತನ್ನೊಡನೆ ಎಣ್ಣೆಯನ್ನು ಇಕ್ಕಟ್ಟಾದ ಸಂದಿಗೆ ಎಳೆದೊಯ್ಯುತ್ತದೆ. ಅಲ್ಲಿ ಒತ್ತಡ ಏರಿ, ಎಣ್ಣೆಯ ಪದರವು ಲೋಹವನ್ನು ಲೋಹದಿಂದ ಎತ್ತಿ ಹಿಡಿಯುತ್ತದೆ. ಮ್ಯಾಂಚೆಸ್ಟರಿನ ಪ್ರಾಧ್ಯಾಪಕ ಆಸ್ಬರ್ನ್ ರೆನಾಲ್ಡ್ಸ್ 1886ರಲ್ಲಿ ಇದಕ್ಕೆ ಗಣಿತದ ಸಮೀಕರಣ ಕೊಟ್ಟರು. ಇಂದಿಗೂ ಬೇರಿಂಗ್‌ಗಳ ವಿನ್ಯಾಸ ಮಾಡುವವರಿಗೆ ಅದೇ ಆಧಾರ.

ಎಂಜಿನ್‌ನಲ್ಲಿ ಈ ಪದರದ ದಪ್ಪ ಎಷ್ಟು? ಕೆಲವೇ ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದ ಕೆಲವು ಭಾಗ. ನಮ್ಮ ತಲೆಗೂದಲು ಅದಕ್ಕಿಂತ ಎಷ್ಟೋ ಪಟ್ಟು ದಪ್ಪ. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗಿದರೆ ಸೆಕೆಂಡಿಗೆ 50 ಸುತ್ತು. ಅಷ್ಟರಲ್ಲಿ ಪ್ರತಿ ಪಿಸ್ಟನ್ 50 ಸಲ ಮೇಲೆ, 50 ಸಲ ಕೆಳಗೆ ಓಡುತ್ತದೆ. ತುದಿಗಳಲ್ಲಿ 100 ಸಲ ನಿಂತು ಹೊರಡುತ್ತದೆ. ಇಷ್ಟೆಲ್ಲ ಓಟವನ್ನು ತಾಳಿಕೊಳ್ಳುವುದು ಆ ತೆಳು ಪದರ. ಜೊತೆಗೆ ಎಣ್ಣೆ ಬಿಸಿಯನ್ನು ಹೊತ್ತೊಯ್ಯಬೇಕು, ಕೊಳೆಯನ್ನು ತೊಳೆಯಬೇಕು, ತುಕ್ಕನ್ನು ತಡೆಯಬೇಕು, ಪಿಸ್ಟನ್ನಿನ ಸಂದಿಯನ್ನು ಮುಚ್ಚಬೇಕು.

ಕಾರ್ಖಾನೆಯೊಳಗೆ

ಎಂಜಿನ್ ಎಣ್ಣೆಯ ಕಾರ್ಖಾನೆ ಎಂದೊಡನೆ ನೆಲದಿಂದ ತೈಲ ತೆಗೆಯುವ ದೃಶ್ಯವನ್ನು ಊಹಿಸಬೇಕಿಲ್ಲ. ಅದು ಹೆಚ್ಚಾಗಿ ನಮ್ಮ ಹಬ್ಬದ ಅಡುಗೆಮನೆಯಂತೆ. ಸಾಮಗ್ರಿ ಹೊರಗಿನಿಂದ ಬರುತ್ತದೆ. ಇಲ್ಲಿ ನಡೆಯುವುದು ಅಳತೆ, ಬೆರಕೆ ಮತ್ತು ರುಚಿ ನೋಡುವ ಕೆಲಸ.

ಮೂಲ ಎಣ್ಣೆ ಬರುವುದು ಸಂಸ್ಕರಣಾಗಾರದಿಂದ. ನಮಗೆ ಹತ್ತಿರದ ಉದಾಹರಣೆ ಚೆನ್ನೈನ ಮನಲಿ. ಮದ್ರಾಸ್ ರಿಫೈನರೀಸ್ ಎಂಬ ಹೆಸರಿನಲ್ಲಿ 1965ರಲ್ಲಿ ಸ್ಥಾಪನೆಯಾಗಿ 1969ರಲ್ಲಿ ಕೆಲಸ ಆರಂಭಿಸಿದ ಈ ಸಂಸ್ಥೆಗೆ ಈಗ ಚೆನ್ನೈ ಪೆಟ್ರೋಲಿಯಂ ಕಾರ್ಪೊರೇಷನ್ ಎಂದು ಹೆಸರು. ಹತ್ತನೆಯ ತರಗತಿಯ ಮಕ್ಕಳು ಆಂಶಿಕ ಆಸವನದ ಚಿತ್ರ ಬರೆದಿರುತ್ತಾರೆ. ಕಚ್ಚಾ ತೈಲವನ್ನು ಕಾಯಿಸಿ ಪೆಟ್ರೋಲ್, ಸೀಮೆಎಣ್ಣೆ, ಡೀಸೆಲ್ ಬೇರ್ಪಡಿಸಿದ ಮೇಲೆ ತಳದಲ್ಲಿ ದಪ್ಪನೆಯ ಶೇಷ ಉಳಿಯುತ್ತದೆ. ಅದನ್ನು ಇನ್ನೂ ಕಾಯಿಸಿದರೆ ಅಣುಗಳು ಒಡೆದುಹೋಗುತ್ತವೆ. ಆದ್ದರಿಂದ ಗಾಳಿಯ ಒತ್ತಡ ತಗ್ಗಿಸಿ, ಕಡಿಮೆ ಉಷ್ಣದಲ್ಲೇ ಕುದಿಯುವಂತೆ ಮಾಡುತ್ತಾರೆ. ಬೆಟ್ಟದ ಮೇಲೆ ನೀರು 100 ಡಿಗ್ರಿಗಿಂತ ಮೊದಲೇ ಕುದಿಯುತ್ತದಲ್ಲ, ಅದೇ ತತ್ತ್ವ. ಹೀಗೆ ದೊರೆತ ಎಣ್ಣೆಯಿಂದ ಬೇಡವಾದ ಅಂಶಗಳನ್ನೂ ಮೇಣವನ್ನೂ ತೆಗೆದರೆ ಮೂಲ ಎಣ್ಣೆ ಸಿದ್ಧ.

ಬೆರಕೆಯ ಕಾರ್ಖಾನೆಯಲ್ಲಿ ಈ ಎಣ್ಣೆಯನ್ನು ದೊಡ್ಡ ಕಡಾಯಿಯಂಥ ತೊಟ್ಟಿಗೆ ಬಿಟ್ಟು, ಹದವಾಗಿ ಬಿಸಿ ಮಾಡಿ, ತಿರುವುತ್ತಾ, ಸೇರಿಕೆಗಳನ್ನು ಹಾಕುತ್ತಾರೆ. ಸಾಮಾನ್ಯ ಎಂಜಿನ್ ಎಣ್ಣೆಯಲ್ಲಿ ಬಹುಪಾಲು ಮೂಲ ಎಣ್ಣೆಯೇ; ಸೇರಿಕೆಗಳ ಪಾಲು ನೂರಕ್ಕೆ ಹತ್ತರಿಂದ ಇಪ್ಪತ್ತರಷ್ಟು. ಆದರೆ ಗುಣವೆಲ್ಲ ಅದರಲ್ಲಿಯೇ. ಸಾರಿಗೆ ಒಗ್ಗರಣೆಯಿದ್ದಂತೆ.

ಈ ಸೇರಿಕೆಗಳಲ್ಲಿ ಶಾಲೆಯ ಪಾಠಗಳೇ ತುಂಬಿವೆ. ಇಂಧನ ಉರಿದಾಗ ಹುಟ್ಟುವ ಆಮ್ಲವನ್ನು ತಟಸ್ಥಗೊಳಿಸಲು ಕ್ಯಾಲ್ಸಿಯಮ್‌ನಂಥ ಲೋಹದ ಕ್ಷಾರೀಯ ಸಂಯುಕ್ತ. ಮಸಿಯ ಕಣಗಳು ಗಂಟುಕಟ್ಟದಂತೆ ತೇಲಿಸಿಡಲು ಸೋಪಿನ ಗುಣದ ಇನ್ನೊಂದು ವಸ್ತು. ಪದರ ಹರಿದ ಕ್ಷಣದಲ್ಲಿ ಲೋಹವನ್ನು ಕಾಯಲು ಸತು ಮತ್ತು ರಂಜಕದ ಸಂಯುಕ್ತ. ನೊರೆ ಬಾರದಂತೆ ಅತ್ಯಲ್ಪ ಸಿಲಿಕೋನ್. ಇವುಗಳ ಜೊತೆ ಉದ್ದನೆಯ ಸರಪಣಿಯಂಥ ಪಾಲಿಮರ್ ಅಣುಗಳು. ಇವು ತಣ್ಣಗಿರುವಾಗ ಮುದುಡಿಕೊಂಡಿದ್ದು, ಬಿಸಿಯಾದಾಗ ಬಿಚ್ಚಿಕೊಂಡು ಎಣ್ಣೆ ತೀರಾ ತೆಳುವಾಗದಂತೆ ನೋಡಿಕೊಳ್ಳುತ್ತವೆ.

ಆಮೇಲೆ ಪ್ರಯೋಗಾಲಯ. ಕ್ಲಬ್ಬಿನ ಸದಸ್ಯರು ಹೆಚ್ಚು ಹೊತ್ತು ನಿಲ್ಲಬೇಕಾದ ಜಾಗ ಇದೇ. ಗಾಜಿನ ಸಣ್ಣ ನಳಿಗೆಯಲ್ಲಿ ಎಣ್ಣೆ ತುಂಬಿ, 100 ಡಿಗ್ರಿ ಸೆಲ್ಸಿಯಸ್‌ನ ತೊಟ್ಟಿಯಲ್ಲಿ ನಿಲ್ಲಿಸಿ, ಒಂದು ಗೆರೆಯಿಂದ ಇನ್ನೊಂದು ಗೆರೆಗೆ ಇಳಿಯಲು ಎಷ್ಟು ಸೆಕೆಂಡು ಬೇಕೆಂದು ಅಳೆಯುತ್ತಾರೆ. ಎಷ್ಟು ಬಿಸಿಯಲ್ಲಿ ಅದರ ಆವಿ ಹೊತ್ತಿಕೊಳ್ಳುತ್ತದೆ, ಎಷ್ಟು ಚಳಿಯಲ್ಲಿ ಹರಿಯದೆ ನಿಲ್ಲುತ್ತದೆ, ಎಷ್ಟು ನೊರೆ ಬರುತ್ತದೆ, ಎಷ್ಟು ಆಮ್ಲವನ್ನು ತಾಳಿಕೊಳ್ಳಬಲ್ಲದು ಎಂಬುದನ್ನೆಲ್ಲ ಪರೀಕ್ಷಿಸುತ್ತಾರೆ. ಪ್ರತಿ ಬೆರಕೆಗೂ ಒಂದು ಸಂಖ್ಯೆ ಕೊಟ್ಟು ಮಾದರಿಯನ್ನು ಶೀಷೆಯಲ್ಲಿ ತೆಗೆದಿಡುತ್ತಾರೆ. ಮುಂದೆ ದೂರು ಬಂದರೆ ಆ ಶೀಷೆಯೇ ಸಾಕ್ಷಿ. ಒಳ್ಳೆಯ ಎಣ್ಣೆಗೂ ಕೆಟ್ಟ ಎಣ್ಣೆಗೂ ಇರುವ ವ್ಯತ್ಯಾಸ ಬಣ್ಣದಲ್ಲಿಲ್ಲ, ಬೆರಳಲ್ಲಿ ಉಜ್ಜಿ ನೋಡಿದರೆ ತಿಳಿಯುವುದೂ ಇಲ್ಲ. ಅದು ಈ ಅಳತೆಗಳಲ್ಲಿದೆ. ಭೇಟಿಯ ಸಾರವೆಲ್ಲ ಈ ಒಂದು ಮಾತಿನಲ್ಲಿ ಅಡಗಿದೆ.

ಮನೆಯಲ್ಲೇ ಒಂದು ಪ್ರಯೋಗ

ದ್ರವವು ಹರಿಯಲು ಒಡ್ಡುವ ಪ್ರತಿರೋಧಕ್ಕೆ ಸ್ನಿಗ್ಧತೆ ಎನ್ನುತ್ತಾರೆ. ಇದನ್ನು ಮಕ್ಕಳು ಮನೆಯಲ್ಲೇ ನೋಡಬಹುದು. ಉದ್ದನೆಯ ಗಾಜಿನ ಶೀಷೆಯಲ್ಲಿ ಒಂದು ಗೇಣು ಎತ್ತರ ಹರಳೆಣ್ಣೆ ತುಂಬಿಸಿ. ಸೈಕಲ್ ಫ್ರೀವೀಲಿನ ಚಿಕ್ಕ ಉಕ್ಕಿನ ಗುಂಡನ್ನು ಮೆಲ್ಲನೆ ಬಿಡಿ. ತಳ ಮುಟ್ಟಲು ನಾಲ್ಕೈದು ಸೆಕೆಂಡು ಬೇಕಾದೀತು. ನೀರಿನಲ್ಲಾದರೆ ಬಿಟ್ಟೊಡನೆ ತಳ ಸೇರುತ್ತದೆ. ಏಕೆಂದರೆ ಹರಳೆಣ್ಣೆಯ ಸ್ನಿಗ್ಧತೆ ನೀರಿಗಿಂತ ನೂರಾರು ಪಟ್ಟು ಹೆಚ್ಚು. ಈಗ ಶೀಷೆಯನ್ನು ಬಿಸಿನೀರಿನ ಪಾತ್ರೆಯಲ್ಲಿ ಸ್ವಲ್ಪ ಹೊತ್ತು ಇಟ್ಟು ಮತ್ತೆ ಗುಂಡು ಬಿಡಿ. ಎಣ್ಣೆ 50 ಡಿಗ್ರಿಯಷ್ಟು ಬಿಸಿಯಾದರೂ ಸಾಕು, ಗುಂಡು ಒಂದು ಸೆಕೆಂಡಿನ ಆಸುಪಾಸಿನಲ್ಲಿ ಇಳಿದುಬಿಡುತ್ತದೆ. ಬಿಸಿನೀರು ಬಳಸುವಾಗ ದೊಡ್ಡವರು ಜೊತೆಯಲ್ಲಿರಲಿ.

ಎಂಜಿನ್ ಎಣ್ಣೆಯ ಪಾಡೂ ಇದೇ. 40 ಡಿಗ್ರಿಯಲ್ಲಿದ್ದ ಸ್ನಿಗ್ಧತೆ 100 ಡಿಗ್ರಿಗೆ ಬರುವಷ್ಟರಲ್ಲಿ ಸುಮಾರು ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ. ತೀರಾ ದಪ್ಪವಾದರೆ ಬೆಳಗಿನ ಚಳಿಯಲ್ಲಿ ಎಣ್ಣೆ ಮೇಲೇರುವುದಿಲ್ಲ; ತೀರಾ ತೆಳುವಾದರೆ ಮಧ್ಯಾಹ್ನ ಉಳುಮೆಯಲ್ಲಿ ಪದರ ಹರಿಯುತ್ತದೆ. ಈ ಎರಡರ ನಡುವಿನ ಹದವೇ ಡಬ್ಬದ ಮೇಲಿನ ಸಂಖ್ಯೆ.

ಡಬ್ಬ ಓದುವುದು ಹೇಗೆ?

ಡಬ್ಬದ ಮೇಲೆ 20ಡಬ್ಲ್ಯು-40 ಎಂದಿದ್ದರೆ, ಡಬ್ಲ್ಯು ಎಂದರೆ ಚಳಿಗಾಲ. ಚಳಿಯಲ್ಲಿ ಅದು 20ರ ವರ್ಗದ ಎಣ್ಣೆಯಂತೆ ಹರಿಯುತ್ತದೆ. 100 ಡಿಗ್ರಿಯಲ್ಲಿ 40ರ ವರ್ಗದ ಎಣ್ಣೆಯಷ್ಟು ದಪ್ಪ ಉಳಿಸಿಕೊಳ್ಳುತ್ತದೆ. ಅಮೆರಿಕದ ಮೋಟಾರು ಎಂಜಿನಿಯರುಗಳ ಸಂಘವು 1911ರಲ್ಲಿ ಆರಂಭಿಸಿದ ವರ್ಗೀಕರಣ ಇದು; ಎಸ್‌ಎಇ ಎಂಬುದು ಆ ಸಂಘದ ಹೆಸರಿನ ಮೊದಲಕ್ಷರಗಳು. ಈ ಸಂಖ್ಯೆ ಎಣ್ಣೆಯ ದಪ್ಪವನ್ನು ಹೇಳುತ್ತದೆಯೇ ಹೊರತು ಗುಣಮಟ್ಟವನ್ನಲ್ಲ.

ಗುಣಮಟ್ಟಕ್ಕೆ ಎಪಿಐ ಎಂಬ ಅಕ್ಷರಗಳ ಪಕ್ಕ ನೋಡಬೇಕು. ಎಸ್ ಅಕ್ಷರದಿಂದ ಆರಂಭವಾದರೆ ಪೆಟ್ರೋಲ್ ಎಂಜಿನ್‌ಗೆ, ಸಿ ಅಕ್ಷರದಿಂದ ಆರಂಭವಾದರೆ ಡೀಸೆಲ್ ಎಂಜಿನ್‌ಗೆ. ಎರಡನೆಯ ಅಕ್ಷರ ಇಂಗ್ಲಿಷ್ ವರ್ಣಮಾಲೆಯಲ್ಲಿ ಮುಂದೆ ಹೋದಷ್ಟೂ ಹೊಸ ಮಟ್ಟ. ಎಸ್‌ಪಿ ಎಂಬುದು 2020ರಲ್ಲಿ ಬಂದದ್ದು.

ಬೈಕು ಇರುವ ಮನೆಯವರು ಇನ್ನೊಂದನ್ನು ಗಮನಿಸಬೇಕು. ಬಹುತೇಕ ಬೈಕುಗಳಲ್ಲಿ ಕ್ಲಚ್ ಬಿಲ್ಲೆಗಳೂ ಎಂಜಿನ್ ಎಣ್ಣೆಯಲ್ಲೇ ಮುಳುಗಿರುತ್ತವೆ. ಕಾರಿನ ಕೆಲವು ಎಣ್ಣೆಗಳಲ್ಲಿ ಘರ್ಷಣೆಯನ್ನು ಇನ್ನಷ್ಟು ತಗ್ಗಿಸುವ ಸೇರಿಕೆ ಇರುವುದರಿಂದ, ಅದನ್ನು ಬೈಕಿಗೆ ಹಾಕಿದರೆ ಕ್ಲಚ್ ಜಾರತೊಡಗುತ್ತದೆ. ಬೈಕಿನ ಡಬ್ಬದ ಮೇಲೆ 'ಜಾಸೊ ಎಂಎ' ಎಂಬ ಗುರುತಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ವಾಹನದ ಜೊತೆ ಬಂದ ಪುಸ್ತಕದಲ್ಲಿ ಯಾವ ಎಣ್ಣೆ ಎಂದು ಬರೆದಿದೆಯೋ ಅದೇ ಸರಿ. ಆ ಪುಸ್ತಕವನ್ನು ಪೆಟ್ಟಿಗೆಯ ತಳದಿಂದ ತೆಗೆದು ಅಪ್ಪನಿಗೆ ಓದಿ ಹೇಳುವ ಕೆಲಸವನ್ನು ಎಂಟನೆಯ ತರಗತಿಯ ಮಗುವೂ ಮಾಡಬಲ್ಲದು. ಮೊಹರು ಒಡೆದಿರುವ ಡಬ್ಬವನ್ನು ಕೊಳ್ಳಬೇಡಿ. ಖಾಲಿ ಡಬ್ಬವನ್ನು ತೂತುಮಾಡಿ ಗುಜರಿಗೆ ಹಾಕಿ. ಇಲ್ಲವಾದರೆ ಅದೇ ಡಬ್ಬ ಕಳಪೆ ಎಣ್ಣೆ ತುಂಬಿಕೊಂಡು ಮತ್ತೆ ಅಂಗಡಿಗೆ ಬರಬಹುದು.

ಕಪ್ಪಾದರೆ ಕೆಟ್ಟಿತೆ?

"ಹಾಕಿದ ಎರಡೇ ದಿನಕ್ಕೆ ಕಪ್ಪಾಯಿತು, ಎಣ್ಣೆ ಕಳಪೆ" ಎಂದು ಅನೇಕರು ದೂರುತ್ತಾರೆ. ಡೀಸೆಲ್ ಎಂಜಿನ್‌ನಲ್ಲಿ ಎಣ್ಣೆ ಬೇಗ ಕಪ್ಪಾಗುವುದು ಸಹಜ. ಎಂಜಿನ್‌ಗೆ ಅಂಟಿಕೊಳ್ಳಬೇಕಾಗಿದ್ದ ಮಸಿಯನ್ನು ಎಣ್ಣೆ ತನ್ನೊಳಗೆ ಹೊತ್ತುಕೊಂಡಿದೆ ಎಂದೇ ಅದರ ಅರ್ಥ. ಬಟ್ಟೆ ಒಗೆದ ನೀರು ಕೊಳೆಯಾದರೆ ಸೋಪನ್ನು ಬಯ್ಯುವುದುಂಟೆ? ಆದರೆ ಹೊರುವುದಕ್ಕೂ ಒಂದು ಮಿತಿಯಿದೆ. ಆಮ್ಲವನ್ನು ತಟಸ್ಥಗೊಳಿಸುವ ಶಕ್ತಿ ಕ್ರಮೇಣ ಕುಗ್ಗುತ್ತದೆ, ಪಾಲಿಮರ್ ಸರಪಣಿಗಳು ತುಂಡಾಗುತ್ತವೆ, ಧೂಳು ಸೇರುತ್ತದೆ. ಆದ್ದರಿಂದ ಬಣ್ಣ ನೋಡಿಯಲ್ಲ, ಪುಸ್ತಕದಲ್ಲಿ ಹೇಳಿದ ಕಿಲೋಮೀಟರು ಅಥವಾ ಗಂಟೆಗಳ ಲೆಕ್ಕ ನೋಡಿ ಬದಲಿಸಬೇಕು. ಜೊತೆಗೆ ಫಿಲ್ಟರನ್ನೂ ಬದಲಿಸಬೇಕು. ಕೊಳೆಯಾದ ಸೋಸುಬಟ್ಟೆಯಲ್ಲಿ ಹೊಸ ಹಾಲು ಸೋಸುವುದು ಜಾಣತನವಲ್ಲ.

ಹಳೆಯ ಎಣ್ಣೆ ಎಲ್ಲಿಗೆ ಹೋಗುತ್ತದೆ?

ಇಲ್ಲಿಗೆ ನಿಜವಾದ ಚಿಂತೆಯ ವಿಷಯ ಬಂತು. ಬದಲಿಸಿದ ಕಪ್ಪೆಣ್ಣೆಯನ್ನು ಮನೆಯ ಹಿಂದಿನ ಮಣ್ಣಿಗೋ ಚರಂಡಿಗೋ ಸುರಿಯುವುದನ್ನು ಎಲ್ಲ ಕಡೆ ಕಾಣುತ್ತೇವೆ. ಒಂದು ಸಲ ಬದಲಿಸಿದ ಎಣ್ಣೆ ಹತ್ತು ಲಕ್ಷ ಗ್ಯಾಲನ್ ಸಿಹಿನೀರನ್ನು ಕೆಡಿಸಬಲ್ಲದೆಂದು ಅಮೆರಿಕದ ಪರಿಸರ ಸಂರಕ್ಷಣಾ ಇಲಾಖೆ ಎಚ್ಚರಿಸುತ್ತದೆ. ವರ್ಷವಿಡೀ ಹರಿಯುವ ನದಿಯಿಲ್ಲದ ನಮ್ಮ ಕೋಲಾರ ಜಿಲ್ಲೆಗೆ ಕೆರೆ ಮತ್ತು ಬೋರ್‌ವೆಲ್‌ಗಳೇ ಗತಿ. ಸಾವಿರ ಅಡಿ ಕೊರೆಸಿ ನೀರು ಹುಡುಕುವವರು ಮೇಲಿನಿಂದ ವಿಷ ಇಳಿಸುವುದು ಎಂಥ ವಿವೇಕ?

ಕೆಲವರು ಕಪ್ಪೆಣ್ಣೆಯನ್ನು ದನದ ಗಾಯಕ್ಕೆ ಹಚ್ಚುತ್ತಾರೆ. ಗ್ಯಾರೇಜಿನ ಹುಡುಗರು ದಿನವೆಲ್ಲ ಬರಿಗೈಯಲ್ಲೇ ಅದನ್ನು ಮುಟ್ಟುತ್ತಾರೆ. ಬಳಸಿದ ಎಣ್ಣೆಯಲ್ಲಿ ಸವೆದ ಲೋಹದ ಕಣಗಳ ಜೊತೆ ಕ್ಯಾನ್ಸರಿಗೆ ಕಾರಣವಾಗಬಲ್ಲ ಸಂಯುಕ್ತಗಳೂ ಸೇರಿರುತ್ತವೆ. ಗಾಯಕ್ಕೆ ಪಶುವೈದ್ಯರ ಔಷಧಿ ಇದೆ. ಕೈಗೆ ಗವಸು, ಕೆಲಸ ಮುಗಿದ ಮೇಲೆ ಸೋಪು ಇವೆ.

ವಾಸ್ತವವಾಗಿ ಹಳೆಯ ಎಣ್ಣೆ ಕಸವೇ ಅಲ್ಲ. ಎಣ್ಣೆಯ ಅಣುಗಳು ಬಹುಪಾಲು ಹಾಗೆಯೇ ಇರುತ್ತವೆ, ಕೊಳೆಯಾಗಿರುತ್ತವೆ, ಅಷ್ಟೆ. ಅದನ್ನು ಮತ್ತೆ ಆಸವನ ಮಾಡಿ ಶುದ್ಧಗೊಳಿಸಿದರೆ ಮೂಲ ಎಣ್ಣೆಯಾಗಿ ಮರುಬಳಕೆಗೆ ಬರುತ್ತದೆ. ನಮ್ಮ ದೇಶದ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಬಳಸಿದ ಎಣ್ಣೆಯೂ ಬರುತ್ತದೆ. 2024ರ ಏಪ್ರಿಲ್ 1ರಿಂದ ಅದರ ಮರುಸಂಸ್ಕರಣೆಯ ಹೊಣೆಯಲ್ಲಿ ಎಣ್ಣೆ ತಯಾರಕರನ್ನೂ ಪಾಲುದಾರರನ್ನಾಗಿ ಮಾಡಲಾಗಿದೆ. ನಿಯಮ ದೆಹಲಿಯಲ್ಲಿದ್ದು, ಎಣ್ಣೆ ಚರಂಡಿಯಲ್ಲಿದ್ದರೆ ಪ್ರಯೋಜನವಿಲ್ಲ. ಎಣ್ಣೆ ಬದಲಿಸುವ ಗ್ಯಾರೇಜಿನಲ್ಲೇ ಅದನ್ನು ಪೀಪಾಯಿಯಲ್ಲಿ ಸಂಗ್ರಹಿಸಿ, ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಪಡೆದವರಿಗೆ ಕೊಡುವ ಏರ್ಪಾಡು ಆಗಬೇಕು. ಮನೆಯಲ್ಲಿ ಬದಲಿಸುವವರು ಹಳೆಯ ಎಣ್ಣೆಯನ್ನು ನೀರು, ಪೆಟ್ರೋಲ್ ಬೆರೆಸದೆ ಮುಚ್ಚಳವಿರುವ ಕ್ಯಾನಿನಲ್ಲಿ ತುಂಬಿ ಅಂಥ ಗ್ಯಾರೇಜಿಗೆ ಮುಟ್ಟಿಸಬೇಕು.

ನಮ್ಮ ಶಾಲೆಗಳೂ ಹೋಗಲಿ

ವಿದ್ಯುತ್ ವಾಹನಗಳು ಬರುತ್ತಿವೆ, ಎಂಜಿನ್ ಎಣ್ಣೆಯ ಕಾಲ ಮುಗಿಯಿತು ಎನ್ನುವವರಿದ್ದಾರೆ. ವಿದ್ಯುತ್ ಸ್ಕೂಟರಿಗೆ ಎಂಜಿನ್ ಎಣ್ಣೆ ಬೇಡ, ನಿಜ. ಆದರೆ ಗೇರು, ಬೇರಿಂಗ್ ಇರುವವರೆಗೆ ಎಣ್ಣೆ ಅಥವಾ ಗ್ರೀಸ್ ಬೇಕೇ ಬೇಕು. ಹೊಲದಲ್ಲಿರುವ ಡೀಸೆಲ್ ಟ್ರ್ಯಾಕ್ಟರುಗಳೂ ನಾಳೆಯೇ ಮರೆಯಾಗುವುದಿಲ್ಲ.

ವರ್ಷಕ್ಕೊಮ್ಮೆ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುವ ಶಾಲೆಗಳು ದೇವಸ್ಥಾನ, ಜಲಾಶಯಗಳ ಜೊತೆ ಇಂಥ ಒಂದು ಕಾರ್ಖಾನೆಯನ್ನೂ ಸೇರಿಸಿಕೊಳ್ಳಬಹುದು. ಮುಂಚಿತವಾಗಿ ಪತ್ರ ಬರೆದು ಅನುಮತಿ ಪಡೆಯಬೇಕು. ಸುಮ್ಮನೆ ನೋಡಿ ಬರುವುದಲ್ಲ. ಪ್ರಶ್ನೆಗಳನ್ನು ಬರೆದುಕೊಂಡು ಹೋಗಬೇಕು. ಈ ಬೆರಕೆಯನ್ನು ಎಷ್ಟು ಪರೀಕ್ಷೆಗೆ ಒಳಪಡಿಸಿದ್ದೀರಿ? ತೆಗೆದಿಟ್ಟ ಮಾದರಿಯನ್ನು ಎಷ್ಟು ದಿನ ಕಾಪಾಡುತ್ತೀರಿ? ಹಳೆಯ ಎಣ್ಣೆಯನ್ನು ನಮ್ಮ ಹಳ್ಳಿಯಿಂದ ವಾಪಸು ಪಡೆಯಲು ಏನು ಮಾಡಿದ್ದೀರಿ? ಸಾಧ್ಯವಾದರೆ ಟ್ರ್ಯಾಕ್ಟರ್ ಇರುವ ಒಬ್ಬಿಬ್ಬರು ಪೋಷಕರೂ ಊರಿನ ಮೆಕ್ಯಾನಿಕ್ಕೂ ಜೊತೆಗೆ ಬರಲಿ. ಪುಸ್ತಕದಲ್ಲಿ ಅಂಕಕ್ಕಾಗಿ ಓದುವ ಘರ್ಷಣೆ, ಸ್ನಿಗ್ಧತೆ, ಆಮ್ಲ, ಕ್ಷಾರ, ಆಸವನ ಎಲ್ಲವೂ ಅಲ್ಲಿ ಒಂದೇ ಸೂರಿನಡಿ ಸಿಗುತ್ತವೆ.

ಅಷ್ಟು ದೂರ ಹೋಗಲು ಆಗದವರು ಈ ವಾರವೇ ಒಂದು ಕೆಲಸ ಮಾಡಬಹುದು. ಮನೆಯ ವಾಹನವನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಪುಸ್ತಕದಲ್ಲಿ ಹೇಳಿದ ರೀತಿಯಲ್ಲಿ ಎಣ್ಣೆಯ ಅಳತೆಗೋಲನ್ನು ಹೊರತೆಗೆದು ನೋಡಿ. ಎಣ್ಣೆ ಎರಡು ಗೆರೆಗಳ ನಡುವೆ ಇದೆಯೇ? ಕೊನೆಯ ಸಲ ಬದಲಿಸಿದ ದಿನಾಂಕ, ಕಿಲೋಮೀಟರು, ಡಬ್ಬದ ಮೇಲಿನ ಸಂಖ್ಯೆ ಇವನ್ನು ಒಂದು ನೋಟುಪುಸ್ತಕದಲ್ಲಿ ಬರೆದಿಡಿ. ಈ ಲೆಕ್ಕವನ್ನು ಮಕ್ಕಳೇ ಇಡಲಿ. ಮುಂದಿನ ಸಲ ಎಣ್ಣೆ ಕೊಳ್ಳುವಾಗ ಆ ಪುಸ್ತಕವೂ ಅಂಗಡಿಗೆ ಹೋಗಲಿ.